ಬೇರೆ ಯಾರದೋ ಕಿಡ್ನಿ

ಬೆಳಿಗ್ಗೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ಬೆನ್ನಿಗೆ ತಾಕಿದರೆಂದು ಶ್ರೀವಾಣಿ ಗಕ್ಕನೆ ತಿರುಗಿ ಬೈದುಬಿಟ್ಟಳು. ತಾಕಿದ್ದು ಒಬ್ಬ ಮುದುಕನ ಹೆಗಲ ಮೇಲಿದ್ದ ಬಾಳೆಎಲೆಯ ಕಟ್ಟು. ಮುದುಕ ತಪ್ಪಾಯಿತೆಂದು ಹಿಂದೆ ಸರಿದು ನಿಂತ. ಸರಿದು ನಿಂತದ್ದರಿಂದ ಅವಳ ಸಿಟ್ಟು ಇಳಿಯುವ ಬದಲು ಇನ್ನಷ್ಟು ಏರಿತು. ಅವನಾದರೂ ತಿರುಗಿ ಬೈಯಬಾರದಿತ್ತೆ. ಹಾವೇರಿಯ ಬಸ್ಸು ಬಂದು, ಕಿಟಕಿ ಪಕ್ಕದ ಸೀಟು ಸಿಕ್ಕು, ಬಸ್ಸು ಹೆದ್ದಾರಿಗೆ ಹತ್ತಿದ ಮೇಲೂ ಎಲೆಯ ತಣ್ಣನೆಯ ತೇವ ಬೆನ್ನಿನ ಮೇಲೆ ಉಳಿದೇ ಇತ್ತು. ರೇಷ್ಮೆ ಸೀರೆಗೆ ಕಲೆ ಬಿತ್ತೇನೋ ಎಂದು ಕೈ ಹಿಂದೆ ಹಾಕಿ ಮುಟ್ಟಿ ನೋಡಿಕೊಂಡಳು. ನೋಡಿಕೊಂಡದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಬಿದ್ದರೆ ಬೀಳಲಿ. ಲ್ಯಾಬಿಗೆ ಯಾರು ರೇಷ್ಮೆ ಉಟ್ಟು ಬರುತ್ತಾರೆ? ಹೆಣ್ಣುಮಕ್ಕಳೆಲ್ಲ ರೇಷ್ಮೆ ಸೀರೆ ಉಡಬೇಕು, ಬಂದವರಿಗೆ ನಮ್ಮ ಕಡೆಯ ಸಂಸ್ಕೃತಿ ಕಾಣಬೇಕು ಎಂದು ನಿರ್ದೇಶಕ ಋಷಿಕೇಶ ಸರ್ ಮೀಟಿಂಗಿನಲ್ಲಿ ಹೇಳಿದಾಗ ತಾನೂ ಉಳಿದವರ ಹಾಗೆ ತಲೆಯಾಡಿಸಿದ್ದಳು. ಈ ತಲೆಯೊಂದು ತನ್ನನ್ನು ಕೇಳದೆಯೇ ಆಡುತ್ತದೆ. ಸೆರಗಿನ ಪಿನ್ನು ಭುಜದಲ್ಲಿ ಚುಚ್ಚುತ್ತಿತ್ತು. ತೆಗೆದು ಸರಿಪಡಿಸಿಕೊಳ್ಳಬಹುದಿತ್ತು. ಚುಚ್ಚಲಿ ಎಂದು ಬಿಟ್ಟಳು.

ಆ ದಿನ ವಿಶ್ವವಿದ್ಯಾಲಯದ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗೆ ಪರಿಶೀಲನಾ ಸಮಿತಿ ಬರುವುದಿತ್ತು. ಬಂದವರು ಎಲ್ಲವನ್ನೂ ನೋಡಿ ಅಂಕ ಹಾಕುತ್ತಾರೆ. ಆ ಅಂಕದ ಮೇಲೆ ಸಂಸ್ಥೆಯ ಮುಂದಿನ ಗತಿ. ಅವರು ನೋಡಲೇಬೇಕಾದದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪು. ಜೀವಕೋಶದ ಒಳಗನ್ನು ಬಿಡಿಸಿ ತೋರಿಸುವ, ಆಳಿಗಿಂತ ಎತ್ತರದ ಆ ಯಂತ್ರ ಸುತ್ತಿನ ಯಾವ ಊರಲ್ಲೂ ಇರಲಿಲ್ಲ. ಅದನ್ನು ನಡೆಸುವವಳು ಶ್ರೀವಾಣಿ. ಮಳೆಗಾಲದಲ್ಲಿ ಸಿಡಿಲು ಬಡಿದ ದಿನದಿಂದ ಅದು ಸತ್ತು ನಿಂತಿತ್ತು. ಕಂಪನಿಯವರು ಬರಬೇಕು, ಬರಲು ಒಪ್ಪಿಗೆ ಬೇಕು, ಒಪ್ಪಿಗೆಯ ಫೈಲು ವಿಶ್ವವಿದ್ಯಾಲಯದ ಯಾವುದೋ ಟೇಬಲ್ಲಿನ ಮೇಲೆ ಮಲಗಿತ್ತು. ಇವತ್ತು ಅವಳು ಆ ಸತ್ತ ಯಂತ್ರದ ಮುಂದೆ ಕೂತು ಅದು ಬದುಕಿದೆಯೆಂದು ತೋರಿಸಬೇಕು. ಗಂಡ ಹೇಮಂತ ಬೆಳಿಗ್ಗೆ ಇಡ್ಲಿ ಮುರಿಯುತ್ತ, ಒಂದು ತಾಸಿನ ನಾಟಕ, ಆಡಿ ಬಾ, ನಮ್ಮ ಬ್ಯಾಂಕಿಗೆ ಆಡಿಟ್‌ನವರು ಬಂದಾಗ ನಾವು ಆಡುವುದಿಲ್ಲವೆ ಎಂದಿದ್ದ. ಸಮಾಧಾನಕ್ಕೆ ಹೇಳಿದ್ದ. ಆ ಸಮಾಧಾನದ ದನಿ ಕೇಳಿಯೇ ಅವಳಿಗೆ ಚಟ್ನಿಯ ಬಟ್ಟಲನ್ನು ಎತ್ತಿ ಒಗೆಯಬೇಕು ಅನ್ನಿಸಿತ್ತು. ಒಗೆಯಲಿಲ್ಲ. ಇನ್ನಷ್ಟು ಚಟ್ನಿ ಬಡಿಸಿದಳು.

ನಿನ್ನೆ ತಾಲೀಮು ಕೂಡ ಆಗಿತ್ತು. ಮೈಕ್ರೋಸ್ಕೋಪಿನ ಕೋಣೆಗೂ ಕಾರಿಡಾರಿಗೂ ನಡುವೆ ದೊಡ್ಡ ಗಾಜು. ಬಂದವರೆಲ್ಲ ಹೊರಗಿನಿಂದಲೇ ನೋಡಲಿ ಎಂದು ಋಷಿಕೇಶ ಸರ್ ಆಸೆಪಟ್ಟು ಹಾಕಿಸಿದ್ದು. ಗಾಜಿನ ಆಚೆ ಅವರು ನಿಂತರು, ಈಚೆ ಇವಳು ಕೂತಳು. ಯಂತ್ರದ ಕಂಬದ ದೀಪಗಳು ಹೇಗೂ ಹೊತ್ತುತ್ತಿದ್ದವು. ಪರದೆಯ ಮೇಲೆ ಹಳೆಯ ವಿಡಿಯೊ ಓಡುತ್ತದೆ. ಚಿತ್ರ ಎಡಕ್ಕೆ ಸರಿಯುವಾಗ ಅವಳು ಗುಂಡಿಯನ್ನು ಎಡಕ್ಕೆ ತಿರುಗಿಸಬೇಕು. ಸರ್ ಗಾಜಿಗೆ ಬೆರಳು ಬಡಿದು, ಬಾಗಿಲು ತೆರೆದು, ಕೈ ತಡವಾಗುತ್ತಿದೆ, ಮೊದಲು ಕೈ ತಿರುಗಬೇಕು, ಆಮೇಲೆ ಚಿತ್ರ ಸರಿಯಬೇಕು, ಇನ್ನೊಮ್ಮೆ ಎಂದರು. ಇನ್ನೊಮ್ಮೆ ಮಾಡಿದಳು. ಮತ್ತೂ ಒಮ್ಮೆ. ಕೊನೆಗೆ ಅವರು ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದಾಗ ತನ್ನೊಳಗೆ ಒಂದು ಕ್ಷಣ ಸಂತೋಷ ಮಿಸುಕಿದ್ದು, ಸಣ್ಣ ಹುಡುಗಿಗೆ ಶಭಾಷ್ ಅಂದಾಗ ಆಗುವಂಥ ಸಂತೋಷ, ಈಗ ಬಸ್ಸಿನಲ್ಲಿ ನೆನಪಾಗಿ ಕಿವಿ ಬಿಸಿಯಾದವು. ಆ ವಿಡಿಯೊ ಆರಿಸಿ ಕೊಟ್ಟದ್ದೂ ಅವಳೇ. ಒಳ್ಳೆಯದೊಂದು ಕೊಡು ಅಂದಿದ್ದರು. ಅವಳು ತಾನು ತೆಗೆದದ್ದರಲ್ಲೆಲ್ಲ ಒಳ್ಳೆಯದನ್ನು ಕೊಟ್ಟಿದ್ದಳು. ಎಂದೋ ಒಬ್ಬರು ಶಾಲಾ ಮಾಸ್ತರರ ಮೂತ್ರಪಿಂಡದ ಚೂರು. ರಕ್ತವನ್ನು ಸೋಸುವ ತೆಳು ಪೊರೆ ಅದರಲ್ಲಿ ಗಳಗನಾಥದ ದಂಡೆಯ ಮೇಲೆ ನಿಂತು ನೋಡಿದ ಹೊಳೆಯ ಹಾಗೆ ಬಳುಕಿ ಹರಿದಿತ್ತು. ಅದನ್ನು ಮೊದಲು ಕಂಡ ದಿನ ಅವಳು ಯಾರಿಗೂ ಹೇಳದೆ ಬಹಳ ಹೊತ್ತು ನೋಡುತ್ತ ಕೂತಿದ್ದಳು. ಕಳ್ಳತನಕ್ಕೂ ತನ್ನ ಚೆಂದದ ಕೆಲಸವೇ ಬೇಕಾಯಿತೆ ಅವಳಿಗೆ? ಸಾಧಾರಣದ್ದು ಒಂದನ್ನು ಕೊಡಬಹುದಿತ್ತು.

ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಾಗ ಅವಳು ತಲೆ ತಗ್ಗಿಸಿ ಚೀಲದಲ್ಲಿ ಏನೋ ಹುಡುಕಿದಳು. ಬ್ಯಾಡಗಿಯ ಕಡೆಯಿಂದ ಬಂದವರು ಅಲ್ಲಿ ಹತ್ತುತ್ತಾರೆ. ಹತ್ತುವವರಲ್ಲಿ ಜೈತೂನಬಿ ಇದ್ದರೆ? ಜೈತೂನಬಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಹೆಂಗಸು. ಅವಳ ಮಗ ಅಸ್ಲಮ್ ಅದೇ ಪೇಟೆಯಲ್ಲಿ ಟೆಂಪೊ ಓಡಿಸುತ್ತಿದ್ದ. ಅವನ ಮುಖ ಕಾಲು ಬಾತು, ಹುಬ್ಬಳ್ಳಿಯ ಡಾಕ್ಟರು ಕಿಡ್ನಿಯಿಂದ ಸೂಜಿಯಲ್ಲಿ ಚೂರು ತೆಗೆದು, ಯಾವ ಕಾಯಿಲೆಯೆಂದು ದೊಡ್ಡ ಮೈಕ್ರೋಸ್ಕೋಪಿನಲ್ಲಿ ನೋಡದೆ ಔಷಧಿ ಕೊಟ್ಟರೆ ಕುರುಡರ ಕೆಲಸವಾಗುತ್ತದೆ ಎಂದು ಇಲ್ಲಿಗೆ ಕಳಿಸಿದ್ದರು. ದಸರೆಯ ಹೊತ್ತು, ಮುಚ್ಚಿ ಮೊಹರು ಹಾಕಿದ ಡಬ್ಬಿ ತಂದುಕೊಟ್ಟವಳು ಜೈತೂನಬಿಯೇ. ಯಂತ್ರ ಆಗಲೇ ನಿಂತಿತ್ತು. ಆದರೂ ತೆಗೆದುಕೋ, ವಾರದಲ್ಲಿ ರಿಪೇರಿ ಆಗುತ್ತದೆ ಎಂದರು ಋಷಿಕೇಶ ಸರ್. ಶ್ರೀವಾಣಿ ಚೂರನ್ನು ರಾಳದಲ್ಲಿ ಹುದುಗಿಸಿ, ಗಟ್ಟಿ ಮಾಡಿ, ಕೊಯ್ಯಲು ಸಿದ್ಧವಾಗಿಸಿ ಕಪಾಟಿನಲ್ಲಿಟ್ಟಳು. ದೀಪಾವಳಿ ದಾಟಿದ ಮೇಲೆ, ಬೆಂಗಳೂರಿನ ಲ್ಯಾಬಿನಲ್ಲಿ ತನ್ನ ಜೊತೆ ಓದಿದ ಶ್ವೇತಾ ಇದ್ದಾಳೆ, ಕಳಿಸಿಬಿಡೋಣವೇ ಎಂದು ಕೇಳಿದ್ದಳು. ಹೊರಗೆ ಕಳಿಸಿದರೆ ನಮ್ಮದು ಸತ್ತಿದೆ ಎಂದು ನಾವೇ ಬರೆದುಕೊಟ್ಟ ಹಾಗೆ, ಸಮಿತಿ ಬಂದು ಹೋಗಲಿ ಎಂದಿದ್ದರು. ಅವಳು ತಲೆಯಾಡಿಸಿದ್ದಳು. ಜೈತೂನಬಿಯ ಫೋನು ಬಂದಾಗಲೆಲ್ಲ ಮುಂದಿನ ವಾರ ಎಂದಳು. ಮೊದಲ ಸಲ ಹೇಳುವಾಗ ನಾಲಿಗೆ ತೊಡರಿತ್ತು. ಆಮೇಲೆ ಆಮೇಲೆ ದನಿ ಮೃದುವಾಯಿತು, ಒಳ್ಳೆಯ ಡಾಕ್ಟರುಗಳ ದನಿಯ ಹಾಗೆ. ಜೈತೂನಬಿ ಒಮ್ಮೆಯಾದರೂ ಜಗಳ ತೆಗೆದಿದ್ದರೆ ತಾನೂ ಒದರಿ ಹಗುರಾಗುತ್ತಿದ್ದೆ ಅನ್ನಿಸುತ್ತಿತ್ತು. ಅವಳು ಪ್ರತಿ ಸಲ, ಆತ್ರಿ ಅಕ್ಕಾರ, ಎಂದಷ್ಟೇ ಹೇಳಿ ಫೋನು ಇಡುತ್ತಿದ್ದಳು.

ಬಸ್ಸಿನಲ್ಲಿ ಅವಳಿರಲಿಲ್ಲ. ಸಂಸ್ಥೆಯ ಗೇಟಿನ ಮುಂದೆ ಇಳಿದಾಗ ರಂಗೋಲಿ, ಬಾಳೆಯ ಕಂಬ, ಹೂವಿನ ಹಾರ. ಯಾರದೋ ಮದುವೆಯ ಹಾಗೆ. ಒಳಗೆ ಹುಡುಗಿಯರು ರೇಷ್ಮೆಯ ಮೇಲೆ ಬಿಳಿ ಕೋಟು ತೊಟ್ಟು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಕಸ ಗುಡಿಸುವ ಮೈಲವ್ವನಿಗೂ ಹೊಸ ಸೀರೆ. ಋಷಿಕೇಶ ಸರ್ ಬಾಗಿಲಿಂದ ಬಾಗಿಲಿಗೆ ಓಡಾಡುತ್ತಿದ್ದರು; ನಿದ್ದೆಯಿಲ್ಲದ ಕಣ್ಣು ಕೆಂಪಗಿತ್ತು. ಅವರನ್ನು ಬರಿಯ ಕೆಟ್ಟ ಮನುಷ್ಯನೆಂದು ಬಗೆದು ಸಿಟ್ಟು ಮಾಡಿಕೊಳ್ಳುವಂತಿದ್ದರೆ ಎಷ್ಟು ಸುಲಭವಿತ್ತು. ಹಾವೇರಿಯವರೇ. ಈ ಯಂತ್ರಕ್ಕಾಗಿ ಎಷ್ಟು ಬಾಗಿಲು ತಟ್ಟಿ, ಎಷ್ಟು ಜನರ ಮುಂದೆ ಕೈಕಟ್ಟಿ ನಿಂತು, ಇಂಥ ಊರಿಗೆ ಇಂಥದ್ದು ಯಾಕೆ ಬೇಕು ಎಂದು ನಕ್ಕವರ ಮುಂದೆ ತಾವೂ ನಕ್ಕು ಇದನ್ನು ತಂದಿದ್ದರು. ಅದು ಲಾರಿಯಿಂದ ಇಳಿದ ದಿನ ಪೆಟ್ಟಿಗೆಗೆ ಕೈಯಾನಿಸಿ ಅತ್ತದ್ದನ್ನು ಅವಳು ನೋಡಿದ್ದಳು. ಇವತ್ತು ಅಂಕ ಕಡಿಮೆ ಬಿದ್ದರೆ ಅದು ಇನ್ನೆಂದೂ ಏಳುವುದಿಲ್ಲ ಎಂದು ಅವರು ನಂಬಿದ್ದರು. ನಿಜವೂ ಇರಬಹುದು. ಈ ಇರಬಹುದುಗಳೇ ತನ್ನ ಬಾಯಿ ಮುಚ್ಚಿಸಿದ್ದು. ಬೇರೆಯವರ ಕಷ್ಟ ತನಗೆ ಅರ್ಥವಾಗುತ್ತದೆ ಎಂಬ ಹೆಮ್ಮೆಯಲ್ಲಿ ತನ್ನ ಹೇಡಿತನವನ್ನು ಬಚ್ಚಿಟ್ಟುಕೊಂಡು ಕೂತಿದ್ದಳಲ್ಲ.

ಸಮಿತಿ ಬಂತು. ಅಧ್ಯಕ್ಷರು ಮೈಸೂರಿನ ಕಡೆಯ ಹಿರಿಯ ಪ್ರಾಧ್ಯಾಪಕರು. ಜೊತೆಗೆ ಬಂದವರಲ್ಲಿ ಒಬ್ಬರು ಇಡೀ ಹೊತ್ತು ಫೋನಿನಲ್ಲಿದ್ದರು. ಸ್ವಾಗತಗೀತೆ, ಶಾಲು, ಏಲಕ್ಕಿ ಹಾರ, ಚಹಾ. ಶ್ರೀವಾಣಿ ಗಾಜಿನ ಕೋಣೆಯಲ್ಲಿ ಕೂತು ಕಾದಳು. ಎ.ಸಿ.ಯ ತಂಪು, ಯಂತ್ರದ ಬಳಿ ಇರಬೇಕಾದ ಪಂಪಿನ ಸಣ್ಣ ಗುಂಯ್ ಇಲ್ಲದ ನಿಶ್ಶಬ್ದ. ಗೊತ್ತಿರುವ ಯಾರೇ ಆದರೂ ಒಳಗೆ ಕಾಲಿಟ್ಟೊಡನೆ ಈ ನಿಶ್ಶಬ್ದದಲ್ಲೇ ಹಿಡಿಯಬಹುದಿತ್ತು. ಹಿಡಿಯಲಿ ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಇನ್ನೊಂದು, ಗುಂಡಿಯ ಮೇಲೆ ಕೈಯಿಟ್ಟು ನಿನ್ನೆಯ ತಾಲೀಮಿನ ಲಯವನ್ನು ನೆನಪಿಸಿಕೊಳ್ಳುತ್ತಿತ್ತು. ತಲೆಯೆತ್ತಿದಾಗ ಗಾಜಿನ ಆಚೆ, ಕಾರಿಡಾರಿನ ಬೆಂಚಿನ ಮೇಲೆ, ಜೈತೂನಬಿ ಕೂತಿದ್ದಳು. ಕಾಲು ನೋಯುತ್ತದೆ ಅಂದಳೆಂದು ಮೈಲವ್ವ ಒಳಗೆ ಬಿಟ್ಟಿದ್ದಳಂತೆ, ಆಮೇಲೆ ಗೊತ್ತಾಯಿತು. ಆಗ ಬಂದದ್ದು ಸಿಟ್ಟು ಮಾತ್ರ. ಇವತ್ತೇ ಯಾಕೆ ಬಂದಳು? ಕೇಳದೆ ಯಾಕೆ ಬಂದಳು? ಹೇಳಿರಲಿಲ್ಲವೇ ಇವಳಿಗೆ? ಹೇಳಿದ್ದು ಏನು ಎಂದು ನೆನೆದಳು. ಹೋದ ವಾರ ಮುಂದಿನ ವಾರ ಎಂದಿದ್ದಳು. ಇದು ಆ ಮುಂದಿನ ವಾರ. ಜೈತೂನಬಿ ಗಾಜಿನ ಮೂಲಕ ಅವಳನ್ನೇ ನೋಡುತ್ತಿದ್ದಳು. ಕಣ್ಣು ಸೇರಿದಾಗ ಗುರುತಿನ ನಗೆ ನಕ್ಕು, ನೀವು ಕೆಲಸ ಮಾಡಿಕೊಳ್ಳಿ, ನಾನು ಕೂತಿರುತ್ತೇನೆ ಎನ್ನುವಂತೆ ಕೈ ಮಾಡಿದಳು.

ಅಷ್ಟರಲ್ಲಿ ಸಮಿತಿಯವರೆಲ್ಲ ಗಾಜಿನ ಆಚೆ ನಿಲ್ಲದೆ ಕೋಣೆಯೊಳಗೇ ಬಂದುಬಿಟ್ಟರು. ವಿಡಿಯೊ ಶುರುವಾಯಿತು. ಕೈ ಮೊದಲು ತಿರುಗಿತು, ಚಿತ್ರ ಆಮೇಲೆ ಸರಿಯಿತು. ಬೂದು ಬಣ್ಣದ ಹೊಳೆ ಪರದೆಯ ತುಂಬ ಹರಿಯಿತು. ಅಧ್ಯಕ್ಷರು ಕನ್ನಡಕ ಏರಿಸಿ, ಬಹಳ ಸ್ಪಷ್ಟವಾಗಿದೆ ಎಂದರು. ಅಷ್ಟಕ್ಕೆ ಮುಗಿಯಬೇಕಿತ್ತು. ತಾಲೀಮಿನಲ್ಲಿ ಅಷ್ಟೇ ಇದ್ದದ್ದು. ಆದರೆ ಋಷಿಕೇಶ ಸರ್‌ಗೆ ಆ ಮೆಚ್ಚುಗೆ ತಲೆಗೇರಿತೋ, ಬಾಗಿಲಾಚೆ ಕೂತ ಹೆಂಗಸು ಕಂಡು ಹೊಳೆಯಿತೋ, ಸಂಸ್ಥೆ ಬರಿಯ ಪ್ರಬಂಧಗಳಿಗಾಗಿ ಇಲ್ಲ, ಸುತ್ತಲಿನ ಬಡವರ ಸೇವೆಯಲ್ಲಿದೆ ಎಂದು ಶುರು ಮಾಡಿದರು. ಈಗ ತಾವು ನೋಡುತ್ತಿರುವುದು ಬ್ಯಾಡಗಿಯ ಒಬ್ಬ ಟೆಂಪೊ ಚಾಲಕನ ಕಿಡ್ನಿ, ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದದ್ದು, ಇಲ್ಲೇ ಅವನ ತಾಯಿಯೂ ಬಂದಿದ್ದಾಳೆ ಎಂದರು. ಹೌದಲ್ಲ ಶ್ರೀವಾಣಿ ಎಂದು ಅವಳ ಕಡೆ ತಿರುಗಿದರು. ಅವಳ ತಲೆ ಆಡಿತು. ಅವಳು ಅದನ್ನು ತಡೆಯಲು ಹೋದಳು, ಅದು ಆಗಲೇ ಆಡಿ ಮುಗಿದಿತ್ತು. ಸರ್ ಬಾಗಿಲು ತೆರೆದು ಜೈತೂನಬಿಯನ್ನು ಕೈಹಿಡಿದಂತೆ ಒಳಗೆ ಕರೆದರು, ಬರ್ರಿ ಬರ್ರಿ, ಚಪ್ಪಲಿ ಇರಲಿ ಎಂದರು. ಇವಳು ಚಪ್ಪಲಿ ಹೊರಗೇ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ತಂಪಿಗೆ ಸಣ್ಣಗೆ ನಡುಗುತ್ತ ಬಂದಳು. ಅವಳ ಜೊತೆ ಮೆಣಸಿನಕಾಯಿಯ ಘಾಟು ಬಂತು. ಅಧ್ಯಕ್ಷರು ಕರ್ಚೀಫು ಹುಡುಕಿ ಸೀನಿದರು, ಇನ್ನೊಬ್ಬರೂ ಸೀನಿದರು. ಜೈತೂನಬಿ ಅದು ತನ್ನ ತಪ್ಪೆಂಬಂತೆ ಸೆರಗನ್ನು ಇನ್ನಷ್ಟು ಮುದುಡಿ ಹಿಡಿದಳು.

"ಅಕ್ಕಾರ, ಇದು ನಮ್ಮ ಅಸ್ಲಮ್‌ದೇನ್ರಿ?" ಎಂದು ಕೇಳಿದಳು.

ಶ್ರೀವಾಣಿ ಪರದೆಯ ಕಡೆಯೇ ನೋಡಿದಳು. ಸರ್ ಹಿಂದೆ ನಿಂತಿದ್ದರು. ಅವರ ಉಸಿರು ಕೇಳುತ್ತಿತ್ತು.

"ಇದರಾಗ ಕೆಟ್ಟದ್ದು ಯಾವುದ್ರಿ? ನನಗೊಂದೀಟು ತೋರಸ್ರಿ."

ಶ್ರೀವಾಣಿ ತೋರಿಸಿದಳು. ಆಮೇಲೆ ಎಷ್ಟೋ ಸಲ ಈ ಕ್ಷಣಕ್ಕೇ ಹಿಂದಿರುಗಿ ಅವಳು ತನ್ನ ಬೆರಳನ್ನು ನೋಡಿಕೊಳ್ಳಲಿದ್ದಳು. ಬೆರಳು ಎತ್ತಿ, ಇಲ್ಲಿ ನೋಡಿ, ಇದು ಪೊರೆ, ರಕ್ತ ಸೋಸುವುದು ಇದೇ ಎಂದು ಕಪ್ಪು ಗೆರೆಯ ಗುಂಟ ಎಳೆದಳು. ದನಿ ಫೋನಿನಲ್ಲಿ ಬರುತ್ತಿದ್ದಷ್ಟೇ ಮೃದುವಾಗಿ ಬಂತು. ಅಧ್ಯಕ್ಷರು ಮೆಚ್ಚಿ ತಲೆದೂಗಿದರು. ಫೋನಿನವರು ಫೋನು ಎತ್ತಿ ಫೋಟೊ ತೆಗೆದರು. ಜೈತೂನಬಿ ಮುಂದೆ ಬಾಗಿದಳು. ತೊಟ್ಟು ಬಿಡಿಸಿ ಬಿಡಿಸಿ ತುದಿ ಸುಟ್ಟು ಕಪ್ಪಾದ ಬೆರಳುಗಳ ಅಂಗೈಯನ್ನು ಪರದೆಯ ಮೇಲೆ, ಆ ಹೊಳೆಯ ಮೇಲೆ, ಮೆಲ್ಲಗೆ ಇಟ್ಟಳು. ಜ್ವರ ಬಂದ ಮಗುವಿನ ಎದೆಯ ಮೇಲೆ ಇಟ್ಟ ಹಾಗೆ. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಓದಿದಳು, ಓದಿ ಪರದೆಗೆ ಉಸಿರು ಊದಿದಳು. ಎಂದೋ ತೀರಿಹೋದ ಆ ಮಾಸ್ತರರ ಮೂತ್ರಪಿಂಡದ ಮೇಲೆ ಅವಳ ಉಸಿರಿನ ಮಂಜು ಒಂದು ವರ್ತುಲವಾಗಿ ಕೂತು ಕರಗಿತು.

"ಕೈ ತಗೀರಿ," ಎಂದಳು ಶ್ರೀವಾಣಿ.

ದನಿ ಒರಟಾಗಿತ್ತು. ಜೈತೂನಬಿ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಪರದೆ ಹೊಲಸಾಯಿತೇನೋ ಎಂದು ಸೆರಗಿನಿಂದ ಒರೆಸಲು ಹೋದಳು. ಅದನ್ನು ನೋಡಿ ಶ್ರೀವಾಣಿಯ ಗಂಟಲಲ್ಲಿದ್ದದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

"ಒರಸಬ್ಯಾಡ್ರಿ. ಇದು ನಿಮ್ಮ ಮಗಂದಲ್ಲ. ಮಷೀನು ಕೆಟ್ಟದ, ಮಳಿಗಾಲದಿಂದ ಕೆಟ್ಟದ. ಇದು ಹಳೇ ವಿಡಿಯೊ. ಬ್ಯಾರೆ ಯಾರದೋ ಕಿಡ್ನಿ ಇದು. ನಿಮ್ಮ ಮಗಂದು ನಾವು ನೋಡೇ ಇಲ್ಲ."

ಹೇಳಿ ಗುಂಡಿಯಿಂದ ಕೈ ತೆಗೆದಳು. ಚಿತ್ರ ತನ್ನ ಪಾಡಿಗೆ ತಾನು ಎಡಕ್ಕೆ ಸರಿಯಿತು, ನಿಂತಿತು, ಬಲಕ್ಕೆ ಸರಿಯಿತು. ಎಲ್ಲರೂ ಅದನ್ನು ನೋಡಿದರು. ಈಗ ಏನಾದರೂ ಆಗುತ್ತದೆ ಎಂದು ಅವಳು ಕಾದಳು. ಯಾರಾದರೂ ಕೂಗಲಿ, ಯಾರಾದರೂ ಬಾಗಿಲು ಬಡಿದು ಹೋಗಲಿ, ತನ್ನನ್ನು ಹೊರಹಾಕಲಿ ಎಂದು ಕಾದಳು. ಋಷಿಕೇಶ ಸರ್ ಸಣ್ಣಗೆ ನಕ್ಕರು. ಬೆಳಿಗ್ಗೆಯಿಂದ ಇವರಿಗೆ ಬಹಳ ಒತ್ತಡವಾಗಿದೆ, ಸಣ್ಣ ತಾಂತ್ರಿಕ ತೊಂದರೆ, ಮುಂದಿನ ಕೋಣೆಯಲ್ಲಿ ಮೀನಿನ ಭ್ರೂಣಗಳಿವೆ, ಅವು ಬಹಳ ಚೆಂದ ಎಂದರು. ಸಮಿತಿ ಮುಂದಿನ ಕೋಣೆಯ ಕಡೆ ಹೊರಟಿತು. ಮೈಲವ್ವ ಬಂದು ಜೈತೂನಬಿಯ ರಟ್ಟೆ ಹಿಡಿದು ಕರೆದುಕೊಂಡು ಹೋದಳು. ಜೈತೂನಬಿ ಹೋಗುವಾಗ ಶ್ರೀವಾಣಿಯನ್ನು ನೋಡಲಿಲ್ಲ. ಯಂತ್ರವನ್ನು ನೋಡಿದಳು, ಬುಡದಿಂದ ತುದಿಯವರೆಗೆ.

ಹಿಂದೆ ಉಳಿದವರು ಅಧ್ಯಕ್ಷರೊಬ್ಬರೇ. ಅವರು ಮೂಗು ಒರೆಸಿಕೊಂಡು, ಪಕ್ಕದ ಸ್ಟೂಲಿನ ಮೇಲೆ ಕೂತು, ಮಗಳೊಡನೆ ಮಾತಾಡುವ ಹಾಗೆ ಅವಳ ಕಡೆ ಬಾಗಿದರು. ಅವರ ಮುಖದಲ್ಲಿ ಕರುಣೆಯಿತ್ತು.

"ಒಳಗೆ ಬಂದ ತಕ್ಷಣವೇ ಗೊತ್ತಾಯ್ತಮ್ಮ, ಪಂಪಿನ ಸದ್ದೇ ಇರಲಿಲ್ಲ. ನಮ್ಮಲ್ಲೂ ಹೀಗೇ ನಿಂತಿದೆ. ಎಲ್ಲಾ ಕಡೆ ಹೀಗೇನೆ. ನಾವದನ್ನೆಲ್ಲ ಬರೆಯೋಕೆ ಹೋಗಲ್ಲ. ಬರೆದರೆ ನಿಮಗೇ ತೊಂದರೆ. ನೀವು ಮನಸ್ಸಿಗೆ ಹಚ್ಚಿಕೋಬೇಡಿ."

ಎದ್ದು ಬಾಗಿಲವರೆಗೆ ಹೋದವರು ತಿರುಗಿ, ಆ ಹೆಂಗಸು ಬ್ಯಾಡಗಿಯವರಲ್ಲವೇ, ಒಳ್ಳೆಯ ಮೆಣಸಿನಕಾಯಿ ಎಲ್ಲಿ ಸಿಗುತ್ತದೆ, ಮನೆಯಲ್ಲಿ ತರಲು ಹೇಳಿದ್ದಾರೆ ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಹೊರಟುಹೋದರು.

ಅವಳು ಎದ್ದಳು. ಗುದ್ದಲು ಹೋದವನ ಮುಂದೆ ಗೋಡೆಯೇ ಇಲ್ಲದೆ, ತನ್ನ ಏಟಿಗೆ ತಾನೇ ಮುಗ್ಗರಿಸಿದಂತಾಗಿತ್ತು. ಇವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದವರ ಮುಂದೆ ಗೊತ್ತಿದ್ದವರು ಆಡುವ ಆಟವಾಗಿತ್ತು. ಗೊತ್ತಿಲ್ಲದವಳು ಒಬ್ಬಳೇ, ಉಸಿರು ಊದಿದವಳು. ಅವಳಿಗೋಸ್ಕರ ಮಾತ್ರ ಆ ಗುಂಡಿಯನ್ನು ಅಷ್ಟು ಚೆನ್ನಾಗಿ ತಿರುಗಿಸಿದ್ದಾಯಿತು. ಪಕ್ಕದ ಕೋಣೆಯ ಕಪಾಟು ತೆಗೆದು, ಸಣ್ಣ ಡಬ್ಬಿಗಳನ್ನು ಸರಿಸಿ, ಅಸ್ಲಮ್‌ನದನ್ನು ಹುಡುಕಿದಳು. ಹೆಸರು ಬರೆದ ಕೈ ಅವಳದೇ, ದುಂಡಗಿನ ಅಕ್ಷರ. ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದಾಗ ಕಾರಿಡಾರಿನಲ್ಲಿ ಋಷಿಕೇಶ ಸರ್ ಎದುರಾದರು. ಸಮಿತಿಗೆ ಮೀನುಗಳನ್ನು ತೋರಿಸಲು ಬೇರೆಯವರನ್ನು ಬಿಟ್ಟು ಅವಳನ್ನೇ ಹುಡುಕಿ ಬಂದಿದ್ದರು. ಬೈಯುತ್ತಾರೆಂದು ಅವಳು ಕುತ್ತಿಗೆ ನೆಟ್ಟಗೆ ಮಾಡಿ ನಿಂತಳು. ಬೈಗುಳಕ್ಕೆ ಹಸಿದಿದ್ದಳು. ಅವರು ಅವಳ ಮುಖ ನೋಡಿದರು, ಮುಷ್ಟಿ ನೋಡಿದರು. ಅದರೊಳಗೆ ಏನಿದೆಯೆಂದು ಅವರಿಗೆ ಹೇಳಬೇಕಾಗಿರಲಿಲ್ಲ.

"ನಾ ಏನೂ ನೋಡಿಲ್ಲ," ಎಂದರು ಮೆಲ್ಲಗೆ, ಮುಖ ಪಕ್ಕಕ್ಕೆ ತಿರುಗಿಸಿ. "ಒಯ್ದು ಕೊಟ್ಟು, ಊಟಕ್ಕ ಬಾ."

ಇಷ್ಟೇ ಇತ್ತು. ಮುಖ ಪಕ್ಕಕ್ಕೆ ತಿರುಗಿಸುವಷ್ಟು. ಇದನ್ನು ಅವರು ದೀಪಾವಳಿಯಲ್ಲೂ ಮಾಡಬಹುದಿತ್ತು, ಅವಳು ಆಗಲೂ ಹೀಗೆಯೇ ಮುಷ್ಟಿ ಕಟ್ಟಿ ಕಾರಿಡಾರಿನಲ್ಲಿ ನಡೆದುಬಿಡಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ಇಷ್ಟು ಕಾಲ ತನ್ನನ್ನು ತಡೆದು ನಿಲ್ಲಿಸಿದ್ದ ಗೋಡೆಯನ್ನು ಅವಳು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಅವರಿಗೆ ಏನಾದರೂ ಅನ್ನಬೇಕೆಂದು ಬಾಯಿ ತೆರೆದಳು. ಆದರೆ ಹೇಳಬೇಕಾದ ಒಂದೊಂದು ಬಿರುಸು ಮಾತೂ ತನ್ನ ಕಡೆಗೇ ಮುಖ ಮಾಡಿ ನಿಂತಿತ್ತು. ಅವರನ್ನು ಹಾದು, ರಂಗೋಲಿಯನ್ನು ತುಳಿದುಕೊಂಡೇ, ಗೇಟು ದಾಟಿದಳು.

ಹೆದ್ದಾರಿಯ ಪಕ್ಕದ ಸಣ್ಣ ರಸ್ತೆಯಲ್ಲಿ ಬಸ್ಸು ನಿಲ್ಲುವ ಜಾಗ. ತಗಡಿನ ನೆರಳು. ಜೈತೂನಬಿ ಅಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಲಾರಿಗಳು ಹಾದಾಗ ಧೂಳು ಎದ್ದು ಅವಳ ಮೇಲೆ ಕೂರುತ್ತಿತ್ತು, ಅವಳು ಕೊಡವಿಕೊಳ್ಳುತ್ತಿರಲಿಲ್ಲ. ಶ್ರೀವಾಣಿ ಬಿಸಿಲಲ್ಲಿ ನಿಂತು, ಮೇಲುಸಿರಿನಲ್ಲಿ, ಎಲ್ಲವನ್ನೂ ಹೇಳಿದಳು: ಡಬ್ಬಿಯಲ್ಲಿರುವುದು ಇವಳ ಮಗನದು, ಕೆಟ್ಟಿಲ್ಲ, ಕೆಡುವುದೂ ಇಲ್ಲ, ಬೆಂಗಳೂರಿನಲ್ಲಿ ಶ್ವೇತಾ ಎನ್ನುವವಳಿದ್ದಾಳೆ, ಅಲ್ಲಿಯ ಮಷೀನು ನಡೆಯುತ್ತಿದೆ, ಒಯ್ದು ಕೊಟ್ಟರೆ ನೋಡಿ ಹೇಳುತ್ತಾರೆ. ಹೇಳುತ್ತ ಹೋದಂತೆ 'ಬೇಗ ಒಯ್ದರೆ ಅಸ್ಲಮ್‌ಗೆ' ಎಂದು ಶುರು ಮಾಡಿದಾಗ ಜೈತೂನಬಿ ತಲೆಯೆತ್ತಿದಳು.

"ಅಸ್ಲಮ್‌ಗ ಈಗ ರಕ್ತಾ ತೊಳಿಯಾಕತ್ತಾರ್ರಿ, ದವಾಖಾನ್ಯಾಗ. ಡಾಕ್ಟರ್ ಅಂದ್ರು, ಅವಂದು ಆಗಿದ್ದು ಆತು ಅಂತ. ಈಗ ನನ್ನ ಮಗಳಿಗೂ ಉಚ್ಚ್ಯಾಗ ರಕ್ತ ಕಂಡೈತಿ. ಇದು ಮನಿತನದ ಬ್ಯಾನಿ ಹೌದೋ ಅಲ್ಲೋ, ಅವನ ಚೂರಿನಾಗ ಕಾಣತೈತಿ ಅಂದ್ರು. ಅದಕ್ಕ ಬಂದಿದ್ದೆ."

ಯಾಕೆ ಹೇಳಲಿಲ್ಲ, ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಶ್ರೀವಾಣಿ ಕೇಳಿದಳು. ಕೇಳುವಾಗಲೇ ತನ್ನ ದನಿಯಲ್ಲಿ ದೂರು ಇರುವುದು ಅವಳಿಗೆ ಕೇಳಿಸಿತು.

"ನೀವು ಕೇಳಲಿಲ್ಲರಿ," ಎಂದಳು ಜೈತೂನಬಿ.

ಆಮೇಲೆ ಕೈ ಚಾಚಿದಳು. ಡಬ್ಬಿಯ ಮುಚ್ಚಳ ತೆಗೆದು ಒಳಗಿನದನ್ನು ಅಂಗೈಗೆ ಹಾಕಿಕೊಂಡಳು. ಗುಳಿಗೆಯಷ್ಟು ದೊಡ್ಡದಾದ ಹಳದಿ ರಾಳದ ತುಂಡು. ಅದರ ತುದಿಯಲ್ಲಿ ಸಾಸಿವೆಗಿಂತ ಸಣ್ಣದಾಗಿ, ಕಪ್ಪಗೆ, ಅಸ್ಲಮ್. ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ಈ ಸಲ ಏನೂ ಓದಲಿಲ್ಲ.

"ಇಷ್ಟ ಏನ್ರಿ ಇದು?"

ಇಷ್ಟೇ ಎಂದಳು ಶ್ರೀವಾಣಿ.

"ಇದನ್ನ ಅವತ್ತ ನನ್ನ ಕೈಯಾಗ ಕೊಟ್ಟಿದ್ದರ ನಾನ ಒಯ್ತಿದ್ನೆಲ್ರಿ ಅಕ್ಕಾರ. ಬೆಂಗಳೂರ ಏನು ದೂರ."

ಅವಳು ಜೋರು ಮಾಡಿ ಹೇಳಲಿಲ್ಲ. ಎಣಿಸಿ ನೋಡಿದರೂ ಅರ್ಥವಾಗದ ಏನನ್ನೋ ಇನ್ನೊಮ್ಮೆ ಕೇಳುವ ಹಾಗೆ ಹೇಳಿದಳು. ಶ್ರೀವಾಣಿ ತನ್ನ ಪರವಾಗಿ ಹೇಳಬಹುದಾದದ್ದನ್ನೆಲ್ಲ ಒಳಗೆ ಹುಡುಕಿದಳು. ತನ್ನ ಕೆಲಸ ವರ್ಷವರ್ಷವೂ ಹೊಸದಾಗಿ ಒಪ್ಪಿಗೆ ಸಿಗಬೇಕಾದಂಥದ್ದು, ಸರ್ ಹೇಳಿದ್ದು, ಫೈಲು, ಸಮಿತಿ. ಇವನ್ನೆಲ್ಲ ಈ ಬಿಸಿಲಲ್ಲಿ, ಈ ಅಂಗೈಯ ಪಕ್ಕದಲ್ಲಿ ಇಟ್ಟು ನೋಡುವಷ್ಟು ಧೈರ್ಯವಿರಲಿಲ್ಲ. ಶ್ವೇತಾಳಿಗೆ ಈಗಲೇ ಫೋನು ಮಾಡುತ್ತೇನೆ, ಹೋದೊಡನೆ ಕೆಲಸ ಆಗುವಂತೆ ನೋಡಿಕೊಳ್ಳುತ್ತೇನೆ ಎಂದಳು. ಬಿಳಿ ಕೋಟಿನ ಜೇಬಿನಿಂದ ಫೋನು ತೆಗೆದಳು.

"ಫೋನಿನಾಗ ನೀವೂ ಚಲೋ ಮಾತಾಡ್ತಿದ್ರಿ," ಎಂದಳು ಜೈತೂನಬಿ. ರಾಳದ ತುಂಡನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಮಾಡಿ, ಕುಪ್ಪಸದೊಳಗೆ ಇಟ್ಟುಕೊಂಡಳು. ಎದ್ದು ನಿಂತಳು. "ನೀವೂ ಬರ್ರಿ. ಅಲ್ಲಿ ಅವರು ಸುಳ್ಳ ಹೇಳಿದರ ನನಗ ತಿಳಿಯಂಗಿಲ್ಲ. ನಿಮಗ ತಿಳಿತೈತಿ."

ಅದರಲ್ಲಿ ಕ್ಷಮೆಯೂ ಇರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಬೇಕಾದ ಕೆಲಸಕ್ಕೆ ಗೊತ್ತಿದ್ದವರನ್ನು ಕರೆದಂತೆ ಕರೆದಿದ್ದಳು. ಶ್ರೀವಾಣಿ ಹಿಂದಿರುಗಿ ಸಂಸ್ಥೆಯ ಕಡೆ ನೋಡಿದಳು. ಒಳಗೆ ಊಟಕ್ಕೆ ಎಲೆ ಹಾಕುತ್ತಿರಬಹುದು. ಇವತ್ತು ಹೋದರೆ ಸರ್ ಇನ್ನೊಮ್ಮೆ ಮುಖ ತಿರುಗಿಸಲಾರರು. ನೋಡಿಲ್ಲ ಎನ್ನುವುದಕ್ಕೂ ಒಂದು ಮಿತಿಯಿದೆ. ಹೇಮಂತನಿಗೆ ಏನು ಹೇಳುವುದು? ತಲೆ ಈ ಸಲ ತಾನಾಗಿ ಆಡಲಿಲ್ಲ. ಹಾವೇರಿಯ ಬಸ್ಸು ದೂರದಲ್ಲಿ ಕಾಣಿಸಿತು. ಹಾವೇರಿಯ ಸ್ಟೇಷನ್ನಿಗೆ ಹೋದರೆ ಬೆಂಗಳೂರಿನ ರೈಲು ಸಿಗುತ್ತದೆ. ಬಸ್ಸು ಹತ್ತಿರ ಬಂದು ನಿಂತಾಗ, ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಿದಳು. ಜೈತೂನಬಿ ಕೇಳಿಸಿಕೊಂಡಳೋ ಇಲ್ಲವೋ, ಆಗಲೇ ಮೆಟ್ಟಿಲು ಹತ್ತಿದ್ದಳು.

ಶ್ರೀವಾಣಿ ಹಿಂದೆಯೇ ಹತ್ತಿದಳು. ಬಸ್ಸು ತುಂಬಿತ್ತು. ರೇಷ್ಮೆ ಸೀರೆಯ ಮೇಲೆ ಬಿಳಿ ಕೋಟು ತೊಟ್ಟವಳನ್ನು ಜನ ಕುತೂಹಲದಿಂದ ನೋಡಿದರು. ಹಿಂದೆ ಇಬ್ಬರು ಕೂರುವ ಒಂದೇ ಒಂದು ಸೀಟು ಖಾಲಿಯಿತ್ತು. ಜೈತೂನಬಿ ಕಿಟಕಿಯ ಪಕ್ಕ ಕೂತು, ಒಂದು ಕೈಯನ್ನು ಎದೆಯ ಮೇಲೆ ಒತ್ತಿ ಹಿಡಿದು, ತನ್ನ ಚೀಲವನ್ನು ಪಕ್ಕದ ಜಾಗದಲ್ಲಿಟ್ಟಳು. ಬಸ್ಸು ಹೊರಟಿತು. ಶ್ರೀವಾಣಿ ಹತ್ತಿರ ಹೋಗಿ ನಿಂತಳು. ಜೈತೂನಬಿ ಹೊರಗೆ ನೋಡುತ್ತಿದ್ದಳು, ಚೀಲ ತೆಗೆಯಲಿಲ್ಲ. ಶ್ರೀವಾಣಿ ತೆಗೆಯಿರೆಂದು ಕೇಳಲಿಲ್ಲ. ಮೇಲಿನ ಕಂಬಿ ಹಿಡಿದು, ಕಾಲು ಅಗಲಿಸಿ, ಹಾವೇರಿಯವರೆಗೂ ನಿಂತೇ ಹೋದಳು.